ಹುಣಸೆ ಬೊಡ್ಡೆಯ ಸರಪಳಿ

"ಮಗ್ಗದಾಗ ಲಾಳಿ ಒಗೆಯೋ ಕೈಯಾಗ ಗಾಡಿ ಕೊಟ್ಟದ್ದು ನಂದೇ ತಪ್ಪು. ನಿಮ್ಮಣ್ಣ ಟ್ರ್ಯಾಕ್ಟರಿನ ಕೆಳಗ ಸತ್ತಿಲ್ಲೋ ಅಂದಪ್ಪಾ, ತನ್ನ ದಡ್ಡತನದ ಕೆಳಗ ಸತ್ತಾನ."

ಶ್ರೀಪಾದರಾಯರು ಇದನ್ನು ಅಂದಪ್ಪನ ಕಿವಿಯಲ್ಲಿ ಹೇಳಲಿಲ್ಲ. ಡೋಣಿ ಊರಿನಲ್ಲಿದ್ದ ತಮ್ಮ ಹೊಲದ ಬದುವಿನ ಮೇಲೆ ನಿಂತು, ಮಡಿಚಿದ ಕೊಡೆಯನ್ನು ಅವನ ಎದೆಗೆ ಗುರಿಯಿಟ್ಟು, ನೆರೆದ ಮಂದಿಗೆಲ್ಲ ಕೇಳುವ ಹಾಗೆ ಹೇಳಿದರು. ಹಿಂದೆ ಯಾರೋ ಕಿಸಕ್ಕೆಂದರು. ಅಂದಪ್ಪ ತಿರುಗಿ ಆ ಮುಖವನ್ನು ನೋಡಿ ಇಟ್ಟುಕೊಂಡ. ಅದರ ಪಾಳಿ ಆಮೇಲೆ.

ಹೋದ ತಿಂಗಳು ಇದೇ ಹೊಲದಲ್ಲಿ ಕಡಿದ ಹುಣಸೆಮರದ ಬೊಡ್ಡೆ ಕೀಳುವಾಗ ರಾಯರ ಸಣ್ಣ ಟ್ರ್ಯಾಕ್ಟರು ಮುಂಗಾಲೆತ್ತಿ ಹಿಂದಕ್ಕೆ ಮಗುಚಿ, ಅಂದಪ್ಪನ ಅಣ್ಣ ಬಾಬಣ್ಣ ಅದರಡಿ ಸತ್ತಿದ್ದ. ಡ್ರೈವರನೇ ಸರಪಳಿಯನ್ನು ತಪ್ಪು ಜಾಗಕ್ಕೆ ಕಟ್ಟಿಕೊಂಡ ಎಂದು ಪಂಚರು ಹೇಳಿ ಕೈತೊಳೆದುಕೊಂಡಿದ್ದರು. ಅಂದಪ್ಪ ಅದನ್ನು ಒಂದು ದಿನವೂ ನಂಬಿರಲಿಲ್ಲ.

ಇಂದು ಅವನು ಬಂದದ್ದು ಬೈಗುಳ ತಿನ್ನಲಿಕ್ಕಲ್ಲ. ಮಗುಚಿದ ಗಾಡಿ ಗದಗಿನಲ್ಲಿ ರಿಪೇರಿಯಾಗಿ ಬಂದು ನಿಂತಿತ್ತು. ಮನುಷ್ಯನನ್ನು ತಿಂದ ಗಾಡಿಯೆಂದು ಲಕ್ಷ್ಮೇಶ್ವರದ ಡ್ರೈವರನೂ ಒಲ್ಲೆನೆಂದಿದ್ದ, ಶಿರಹಟ್ಟಿಯವನೂ ಒಲ್ಲೆನೆಂದಿದ್ದ. ರೋಹಿಣಿ ಮಳೆ ಬಿದ್ದು ಕೆಂಪು ಮಸಾರಿ ನೆಲ ಮೆತ್ತಗಾಗಿತ್ತು. ಬೊಡ್ಡೆ ಕೀಳಲು ಇದೇ ಹದ. ಬಿಟ್ಟರೆ ಬಿತ್ತನೆ ತಪ್ಪುತ್ತದೆ. ಅಣ್ಣನ ಕೈಕೆಳಗೆ ಗಾಡಿ ಕಲಿತ ಅಂದಪ್ಪ ತಾನಾಗಿಯೇ ಬಂದು ಕೀಳುತ್ತೇನೆಂದಾಗ ರಾಯರಿಗೆ ಬೇಡವೆನ್ನಲು ಬಾಯಿ ಬರಲಿಲ್ಲ. ಬೈಯಲು ಮಾತ್ರ ಬಂತು.

ಬೈಯಲು ಇನ್ನೊಂದು ಕಾರಣವೂ ಇತ್ತು. ಅಂದಪ್ಪ ಮುಂಡರಗಿಗೆ ಹೋಗಿ, ಪೊಲೀಸ್ ಫೌಜದಾರ ಪುಂಡಲೀಕಪ್ಪನವರ ಮುಂದೆ ಕೂತು, ಇದು ತಾನಾಗಿ ಆದದ್ದಲ್ಲ, ಯಾರೋ ಮಾಡಿದ್ದು ಎಂದು ಹೇಳಿ ಬಂದಿದ್ದ. ಫೌಜದಾರರು ನಕ್ಕಿದ್ದರು. ಕನ್ನಡದ ರಾಜ್ಯ ಒಂದಾಗುವ ಹೊತ್ತು, ಮುಂಬಯಿ ಸರಕಾರದ ಕಾಗದವನ್ನೆಲ್ಲ ಗಂಟು ಕಟ್ಟುತ್ತಿದ್ದೇವೆ, ನೀನು ಹೊಸದು ತರಬೇಡ ಎಂದಿದ್ದರು. ಅಂದಪ್ಪ ಠಾಣೆಯ ಕಟ್ಟೆ ಬಿಟ್ಟು ಏಳಲಿಲ್ಲ. ಕಡೆಗೆ ಅವರೇ ಬೇಸತ್ತು, ಬೊಡ್ಡೆ ಕೀಳುವ ದಿನ ಮಧ್ಯಾಹ್ನ ಬರುತ್ತೇನೆ, ಅಷ್ಟರೊಳಗೆ ಒಂದು ಹೆಸರು ಹೇಳು, ಇಲ್ಲವಾದರೆ ಸತ್ತವನದೇ ತಪ್ಪೆಂದು ಮುಚ್ಚಿಬಿಡುತ್ತೇನೆ ಎಂದರು.

ಒಂದು ಹೆಸರು. ಅಷ್ಟು ಸಿಕ್ಕರೆ ಸಾಕಿತ್ತು. ಉಳಿದದ್ದಕ್ಕೆ ಫೌಜದಾರರೂ ಬೇಡ, ಕೋರ್ಟೂ ಬೇಡ. ಸರಪಳಿ ಕಟ್ಟಿದ ಕೈಯನ್ನು ಅದೇ ಸರಪಳಿಗೆ ಸಿಗಿಸಿ ಗಾಡಿಯನ್ನು ಮುಂದಕ್ಕೆ ಬಿಡುವುದು. ಅಂದಪ್ಪ ಇದನ್ನು ಮನಸ್ಸಿನಲ್ಲಿ ಎಷ್ಟು ಸಲ ಮಾಡಿ ಮುಗಿಸಿದ್ದನೋ.

"ಬೈಯೂದು ಮುಗಿದಿದ್ರ ಕೀಲಿ ಕೊಡ್ರಿ, ರಾಯರ," ಅಂದ.

ರಾಯರು ಕೀಲಿಯನ್ನು ಕೈಯಲ್ಲಿ ಕೊಡಲಿಲ್ಲ. ನೆಲಕ್ಕೆ ಒಗೆದರು. ಅಂದಪ್ಪ ಬಗ್ಗಿ ಎತ್ತಿಕೊಂಡ.

ಗಾಡಿ ಗಿಡ್ಡದು, ದೊಡ್ಡ ಹೋರಿಗಿಂತ ಹೆಚ್ಚೇನೂ ಎತ್ತರವಿಲ್ಲ. ಇಂಥ ಗಾಡಿಗೆ ಹುಣಸೆಯ ಬೊಡ್ಡೆಯನ್ನು ಒಂದೇ ಜಗ್ಗಿಗೆ ಕೀಳುವ ತಾಕತ್ತಿಲ್ಲ. ಉಪಾಯದಿಂದ ಕೀಳಬೇಕು. ಬಾಬಣ್ಣ ಕಲಿಸಿದ್ದ ಮೊದಲ ಪಾಠವೇ ಅದು: ಬೊಡ್ಡೆಗೆ ಸರಪಳಿಯನ್ನು ಎಷ್ಟು ಮೇಲೆ ಸುತ್ತಿದರೆ ಅಷ್ಟು ಒಳ್ಳೆಯದು, ಗಾಡಿಗೆ ಎಷ್ಟು ಕೆಳಗೆ ಹಾಕಿದರೆ ಅಷ್ಟು ಒಳ್ಳೆಯದು. ಗಾಡಿಯ ಹಿಂಬದಿಗೆ, ಮೊಣಕಾಲಿಗಿಂತ ತಗ್ಗಿನಲ್ಲಿ, ಒಂದು ಕಬ್ಬಿಣದ ಪಟ್ಟಿ ಇದೆ. ಸರಪಳಿಯ ಜಾಗ ಅದು. ಅದರ ಮೇಲೆ, ಸೀಟಿನ ಬುಡಕ್ಕೇ, ನೇಗಿಲಿನ ತಲೆ ಹಿಡಿಯುವ ಒಂದು ಕಿವಿ ಇದೆ. ಅಲ್ಲಿಗೆ ಸರಪಳಿ ಹಾಕಿ ಎಳೆದರೆ ಬೊಡ್ಡೆ ಬರುವುದಿಲ್ಲ; ಹಿಂಗಾಲಿ ನೆಲ ಕಚ್ಚುತ್ತದೆ, ಮುಂಗಾಲಿ ಆಕಾಶ ನೋಡುತ್ತದೆ, ತಡೆದು ನಿಲ್ಲಿಸದಿದ್ದರೆ ಗಾಡಿ ಅಂಗಾತ.

ಪಂಚರು ಬಂದಾಗ ಸರಪಳಿ ಆ ಮೇಲಿನ ಕಿವಿಯಲ್ಲಿತ್ತು.

ದಿನವೂ ಸರಪಳಿ ಹಾಕುವವನು ಅಂದಪ್ಪ. ಗಾಡಿ ನಡೆಸುವವನು ಬಾಬಣ್ಣ. ಆ ದಿನ ಅಂದಪ್ಪ ಸೀಮೆಎಣ್ಣೆ ತರಲು ಗದಗಿಗೆ ಹೋಗಿದ್ದ. ಡಬ್ಬಿ ಹೊತ್ತು ಬರುವಷ್ಟರಲ್ಲಿ ಅಣ್ಣನನ್ನು ಕಂಬಳಿಯಲ್ಲಿ ಸುತ್ತಿ ಬೆಟಗೇರಿಯ ಮನೆಯ ಹಾದಿ ಹಿಡಿಸಿದ್ದರು.

ಅಂದಪ್ಪ ಗಾಡಿಯ ಸುತ್ತ ನಿಧಾನ ನಡೆದ. ಗದಗಿನ ಕಮ್ಮಾರ ಮಾಶಾಕ ನಜ್ಜಿದ ತಗಡುಗಳನ್ನೆಲ್ಲ ಬಡಿದು ನೆಟ್ಟಗೆ ಮಾಡಿದ್ದ. ಮೇಲಿನ ಕಿವಿ ಮಾತ್ರ ಒಂದಿಷ್ಟು ಹಿಗ್ಗಿಯೇ ಉಳಿದಿತ್ತು. ಸೀಟನ್ನು ತಿಕ್ಕಿ ತೊಳೆದಿದ್ದರು. ಸೀಟಿನಡಿಯ ಸುರುಳಿ ಸ್ಪ್ರಿಂಗಿನೊಳಗೆ ಬೆರಳಾಡಿಸಿದಾಗ ಏನೋ ಚುಚ್ಚಿತು. ಹಸಿರು ಗಾಜಿನ ಬಳೆಯ ಚೂರು. ಉರುವಲಿಗೆ ಚಕ್ಕೆ ಆರಿಸಲು ಬರುವ ಹೆಂಗಸರದಿರಬೇಕು ಎಂದುಕೊಂಡು ಅಂಗಿಯ ಜೇಬಿಗೆ ಹಾಕಿದ.

ಅವನ ಲಕ್ಷ್ಯ ಬೇರೆ ಕಡೆ ಇತ್ತು. ಅಣ್ಣನ ಹೆಣಕ್ಕೆ ನೀರು ಹಾಕಿದವಳು ಅವನ ತಾಯಿ ಬನಶಂಕರೆವ್ವ. ಬಲಗೈಯ ಅಂಗೈಯಲ್ಲಿ ಸರಪಳಿಯ ಗುರುತು ಮುದ್ರೆ ಒತ್ತಿದ ಹಾಗೆ ಕೂತಿತ್ತು, ಅದು ಹೇಗೆ ಬಂತು ಎಂದು ಆಕೆ ದಿನಾ ಕೇಳುತ್ತಿದ್ದಳು. ಮಗ್ಗದ ಕುಣಿಯ ಪಕ್ಕ ಕೂತು, ನೂಲು ಸುತ್ತುತ್ತ, ಅದನ್ನೊಂದು ಹಾಡು ಮಾಡಿಕೊಂಡಿದ್ದಳು. ಸೊಸೆಯ ಸಂಕಟವನ್ನೂ ಸೇರಿಸುತ್ತಿದ್ದಳು. ಬಳೆ ಒಡೆಯಲು ಹೆಂಗಸರು ಬಾಬಣ್ಣನ ಹೆಂಡತಿ ಮಲ್ಲವ್ವನ ಕೈ ಹಿಡಿದಾಗ ಎಡಗೈ ಆಗಲೇ ಬರಿದಾಗಿತ್ತಂತೆ. ಸುದ್ದಿ ಕೇಳಿದ ಗಳಿಗೆಯಲ್ಲೇ ಹುಡುಗಿ ತಾನೇ ಒಡೆದುಕೊಂಡಿದ್ದಳು, ಅಂಥ ಜೋಡಿ ಅದು ಎಂದು ತಾಯಿ ಅಳುತ್ತಿದ್ದಳು. ಮಲ್ಲವ್ವ ಆ ದಿನದಿಂದ ಯಾರ ಜೊತೆಗೂ ಒಂದು ಮಾತಾಡಿರಲಿಲ್ಲ.

ಈ ಸಲ ಮನೆ ಬಿಡುವಾಗ ತಾಯಿ ಹೊಸ್ತಿಲಲ್ಲಿ ಅಡ್ಡ ನಿಂತು ಹೇಳಿದ್ದಳು:

"ಕಟ್ಟಿದವನ ಹೆಸರು ತಗೊಂಡು ಬಾ. ಇಲ್ಲಂದ್ರ ಈ ಮನಿಗೆ ಬರಬ್ಯಾಡ."

ಹೆಸರು ಅಂದಪ್ಪನ ನಾಲಗೆಯ ಮೇಲೆ ಆಗಲೇ ಕೂತಿತ್ತು, ಸಾಕ್ಷಿ ಮಾತ್ರ ಸಿಗಬೇಕಿತ್ತು. ಅಣ್ಣ ಸತ್ತ ಸಂಜೆಗೇ ಗಾಡಿಯನ್ನು ಎತ್ತು ಹೂಡಿ ಎಳೆಸಿ ಗದಗಿಗೆ ಕಳಿಸಿದ್ದು ರಾಯರು. ಸೀಟು ತೊಳೆಸಿದ್ದು ರಾಯರು. ಬೊಡ್ಡೆಯ ಸುತ್ತ ಅಗೆದ ಕುಣಿಗೆ ಮಣ್ಣು ತಳ್ಳಿಸಿ, ಮೇಲೆ ಜಾಲಿಯ ಮುಳ್ಳು ಹೊದಿಸಿ, ಯಾರೂ ಹತ್ತಿರ ಹೋಗಬಾರದೆಂದದ್ದೂ ರಾಯರೇ. ಮುಚ್ಚಿಡುವಂಥದು ಇಲ್ಲದವನು ಒಂದು ಬೊಡ್ಡೆಗೆ ಮುಳ್ಳು ಹಾಕುತ್ತಾನೆಯೇ? ಲಕ್ಷ್ಮೇಶ್ವರದಲ್ಲಿ ಸಂಸ್ಥಾನದ ಕಚೇರಿ ಇರುವ ತನಕ ಕುರ್ಚಿಯ ಮೇಲೆ ಕೂತು ಹುಕುಂ ಮಾಡಿದವರು, ಸಂಸ್ಥಾನ ಹೋದ ಮೇಲೆ ಹೊಲಕ್ಕೆ ಬಂದು ಹುಕುಂ ಮಾಡುತ್ತಿದ್ದರು. ಬಾಬಣ್ಣ ಒಮ್ಮೆ ಎಲ್ಲರೆದುರು, ಗಾಡಿ ನಿಮ್ಮದು, ಗಾಡಿ ಕೆಲಸ ನಂದು ಎಂದು ಎದುರಾಡಿದ್ದ. ಅದನ್ನು ಮರೆಯುವ ಪೈಕಿ ಅಲ್ಲ ಈ ಮನುಷ್ಯ.

ಮುಳ್ಳು ಸರಿಸಿ ಕುಣಿ ತೆರೆಯಲು ಅಂದಪ್ಪನ ಜೊತೆ ಸಕ್ರಪ್ಪ ಇಳಿದ. ಸಕ್ರಪ್ಪ ರಾಯರ ಹೊಲದ ಹಳೆಯ ಎತ್ತಿನವ. ಯಾವುದೋ ಕಾಲದಲ್ಲಿ ಹೋರಿ ಹಾಯ್ದು ಅವನ ಬಲಭುಜ ಕೂತುಬಿಟ್ಟಿತ್ತು. ಕೈ ಎದೆಗಿಂತ ಮೇಲೆ ಏಳದು. ಸಲಿಕೆ ಹಿಡಿದು ಮಣ್ಣು ಎಳೆಯುತ್ತಿದ್ದ, ಕೊಡಲಿ ಬೀಸುವುದು ಅವನ ಕೈಯಲ್ಲಿ ಆಗುತ್ತಿರಲಿಲ್ಲ. ಮಾತು ಕಡಿಮೆ. ಇಂದು ಅದೂ ಇಲ್ಲ.

ಬೊಡ್ಡೆ ಎದೆಮಟ್ಟ ನಿಂತಿತ್ತು. ಸುತ್ತ ಹರಡಿದ ಪಕ್ಕದ ಬೇರುಗಳನ್ನು ಬಾಬಣ್ಣ ಆಗಲೇ ಕಡಿದಿದ್ದ. ಅಂದಪ್ಪ ಕೊಡದಿಂದ ನೀರು ಸುರಿದು ಬೇರಿಗಂಟಿದ ಮಣ್ಣು ತೊಳೆದ. ತೊಳೆಯದಿದ್ದರೆ ಮಣ್ಣಿನ ಹರಳಿಗೆ ಕೊಡಲಿಯ ಬಾಯಿ ಮೊಂಡಾಗುತ್ತದೆ. ಗಾಡಿ ಮಗುಚಿದ ಜಾಗದ ಮಣ್ಣನ್ನೂ ಕೆದಕಿದ. ಅಲ್ಲಿ ಸಲಿಕೆಗೆ ಒಂದು ಗೂಟ ಸಿಕ್ಕಿತು.

ಗೇಣುದ್ದದ ಜಾಲಿಯ ಗೂಟ. ತುದಿಯನ್ನು ಬೆಂಕಿಯಲ್ಲಿ ಸುಟ್ಟು ಗಟ್ಟಿ ಮಾಡಿದ್ದು. ನಡುವೆ ಕಬ್ಬಿಣದ ಕೊಂಡಿ ಕಚ್ಚಿ ತಗ್ಗು ಬಿದ್ದಿತ್ತು.

ಗಾಡಿಯವರು ಸರಪಳಿಗೆ ಕಬ್ಬಿಣದ ಕೀಲು ಹಾಕುತ್ತಾರೆ. ಡೋಣಿಯ ಎತ್ತಿನವರು ಮಾತ್ರ ಮರದ ಗೂಟ ಸಿಗಿಸುತ್ತಾರೆ, ಕಬ್ಬಿಣಕ್ಕೆ ಕಬ್ಬಿಣ ಖಣಖಣ ಅಂದರೆ ಎತ್ತು ಬೆದರುತ್ತವೆಂದು.

ಅಂದಪ್ಪ ಗೂಟವನ್ನು ಸಕ್ರಪ್ಪನ ಮುಖದೆದುರು ಹಿಡಿದ. ಮುದುಕ ಅದನ್ನು ನೋಡಿದ, ನೋಡಿದವನೇ ಮಣ್ಣಿನ ಮೇಲೆ ಕೂತುಬಿಟ್ಟ. ಸುಳ್ಳು ಹೇಳಲಿಲ್ಲ. ಹುಡುಗ ಊರಲ್ಲಿಲ್ಲ, ಸರಪಳಿ ನೀ ಹಾಕು ಎಂದು ಬಾಬಣ್ಣ ಕುಣಿಯಿಂದ ಕೂಗಿ ಹೇಳಿದನಂತೆ. ಸಕ್ರಪ್ಪ ಹಾಕಿದನಂತೆ.

"ಮ್ಯಾಲ ಯಾಕ ಹಾಕಿದಿ?"

"ಎತ್ತಿಗೆ ನೊಗ ಹೆಗಲ ಮ್ಯಾಲ ಇಡ್ತೀವಲ್ಲ ತಮ್ಮಾ. ಹೊಟ್ಟಿ ಕೆಳಗ ಕಟ್ಟಿದ್ರ ಜಗ್ಗು ಮುಂದ ಮೊಣಕಾಲೂರತೈತಿ, ಕಾಲು ಮುರಕೋತೈತಿ. ಇದೂ ದುಡಿಯೂ ಜೀವಾನ ಅಂತ, ಹೆಗಲಿಗೆ ಬರೂ ಹಂಗ ಕಟ್ಟಿದೆ. ಪಾಪ, ಅದಕ್ಕ ಹಗೂರ ಆಗ್ಲಿ ಅಂತ."

ಅಂದಪ್ಪನ ಕೈ ಎದ್ದಿತ್ತು. ತಿಂಗಳಿಡೀ ಮಸೆದಿಟ್ಟುಕೊಂಡ ಸಿಟ್ಟಿಗೆ ಸಿಕ್ಕ ಕೈ ಇದು: ಸೊಟ್ಟ ಬೆರಳು, ಉಗುರಲ್ಲಿ ಸಗಣಿ, ಯಂತ್ರಕ್ಕೆ ಕರುಣೆ ತೋರಿಸಿದ ಕೈ. ಇದನ್ನು ಸರಪಳಿಗೆ ಹಾಕಿ ಎಳೆಯುವುದೇ? ಗೂಟ ಹಿಡಿದ ಅವನ ಮುಷ್ಟಿ ಸಕ್ರಪ್ಪನ ಕಪಾಳದ ಹತ್ತಿರ ನಿಂತಿತು. ಹೊಡೆಯಲಿಲ್ಲ. ಹೊಡೆಯದ್ದಕ್ಕೆ ಸಿಟ್ಟು ಇನ್ನೂ ಏರಿತು.

ಮತ್ತು ಲೆಕ್ಕ ಕೂಡಲಿಲ್ಲ. ಬಾಬಣ್ಣ ಗೇರು ಹಾಕುವ ಮೊದಲು ಹಿಂದೆ ತಿರುಗಿ ಸರಪಳಿ ನೋಡದ ದಿನವಿಲ್ಲ. ಅಂದಪ್ಪ ಹಾಕಿದ್ದನ್ನೇ ನೋಡುತ್ತಿದ್ದ, ಬೈಯುತ್ತಿದ್ದ. ಎತ್ತಿನವ ಹಾಕಿದ್ದನ್ನು ನೋಡದೆ ಬಿಟ್ಟನೇ? ಅದೂ ಅಲ್ಲದೆ ಮುದುಕ ಈಗ ಏನೆಂದ? ಬಾಬಣ್ಣ ಕೂಗಿದ್ದು ಕುಣಿಯಿಂದ.

ಅಂದಪ್ಪ ಮುದುಕನನ್ನು ಮತ್ತೇನೂ ಕೇಳಲಿಲ್ಲ. ಬೊಡ್ಡೆಯನ್ನೇ ಕೇಳೋಣವೆಂದು ಕೆಲಸಕ್ಕೆ ಹಿಡಿದ.

ಬೊಡ್ಡೆಯ ನೆತ್ತಿಗೆ ಸರಪಳಿ ಸುತ್ತಿದ. ಬದುವಿನ ದೊಡ್ಡ ಬೇವಿನ ಬುಡಕ್ಕೆ ಕಬ್ಬಿಣದ ಕಪ್ಪಿ ಕಟ್ಟಿದ. ಬಾವಿಯ ರಾಟೆಯಂಥದೇ, ಇನ್ನೂ ದಪ್ಪ. ಸರಪಳಿ ಅದನ್ನು ಸುತ್ತಿ ಬಂದರೆ ಜಗ್ಗು ತಗ್ಗಿನಲ್ಲೇ ನೆಟ್ಟಗೆ ಬರುತ್ತದೆ, ಗಾಡಿ ಆಯ ತಪ್ಪುವುದಿಲ್ಲ. ಕೊನೆಯನ್ನು ತಗ್ಗಿನ ಪಟ್ಟಿಗೆ ಹಾಕಿ ಕಬ್ಬಿಣದ ಕೀಲು ಬಡಿದ. ಸೀಟು ಹತ್ತಿದ. ಮಂದಿ ಹಿಂದಕ್ಕೆ ಸರಿದರು. ನಕ್ಕವನು ಎಲ್ಲರಿಗಿಂತ ದೂರ ಹೋದ.

ಸರಪಳಿ ಬಿಗಿಯುವ ತನಕ ತೆವಳಿಸಿ, ಬಿಗಿದ ಮೇಲೆ ಕ್ಲಚ್ಚನ್ನು ಕೂದಲೆಳೆಯಷ್ಟೇ ಬಿಟ್ಟ. ಗಾಡಿ ಗುರುಗುಟ್ಟಿತು. ಮುಂಗಾಲಿ ನೆಲ ಬಿಡಲಿಲ್ಲ. ನೆಲದೊಳಗೆ ಎಲ್ಲೋ ಒಂದು ಬೇರು ಹರಿದು ಟಪ್ಪೆಂದಿತು, ಬೊಡ್ಡೆ ಕುಡಿದವನ ಹಾಗೆ ತೂರಾಡಿ ಒಂದು ಮಗ್ಗುಲಿಗೆ ವಾಲಿತು. ಕುಣಿಗೆ ತುಂಬಿದ್ದ ಸಡಿಲ ಮಣ್ಣು ಜಾರಿ, ಅಡಿಯಲ್ಲಿ ತಾಯಿಬೇರು ತೋರಿತು. ಅಂದಪ್ಪ ಬ್ರೇಕು ಹಾಕಿ, ಗಾಲಿಗೆ ಕಲ್ಲು ಕೊಟ್ಟು, ಕುಣಿಗೆ ಜಿಗಿದ.

ತಾಯಿಬೇರು ಅರ್ಧ ಕಡಿದಿತ್ತು.

ತೊಡೆಯಷ್ಟು ದಪ್ಪದ ಬೇರಿನಲ್ಲಿ ಕೊಡಲಿಯ ಏಟುಗಳು ಒಂದರ ಮೇಲೊಂದು ಒಪ್ಪವಾಗಿ ಬಿದ್ದಿದ್ದವು. ಕಡಿತದ ಬಾಯಿ ಒಣಗಿ ಕಪ್ಪಾಗಿತ್ತು, ತಿಂಗಳು ಹಳೆಯದು. ಅಂದಪ್ಪ ಅದರ ಮೇಲೆ ಬೆರಳಾಡಿಸಿದ.

ತಾಯಿಬೇರನ್ನು ಯಾವಾಗ ಕಡಿಯುತ್ತಾರೆ? ಗಾಡಿ ಜಗ್ಗಿ ಹಿಡಿದು ಬೊಡ್ಡೆ ವಾಲಿರುವಾಗ. ಮೊದಲೇ ಕಡಿಯಲು ಅದು ಕಾಣುವುದೇ ಇಲ್ಲ. ಒಬ್ಬ ಸೀಟಿನಲ್ಲಿ ಕೂತು ಹಿಡಿದಿರಬೇಕು, ಒಬ್ಬ ಕುಣಿಯಲ್ಲಿ ಕೊಡಲಿ ಬೀಸಬೇಕು. ಯಾವಾಗಲೂ ಬಾಬಣ್ಣ ಸೀಟಿನಲ್ಲಿ, ಅಂದಪ್ಪ ಕುಣಿಯಲ್ಲಿ. ಆ ದಿನ ಅಂದಪ್ಪ ಇರಲಿಲ್ಲ. ಸಕ್ರಪ್ಪನ ತೋಳು ಏಳದು. ಹಾಗಾದರೆ ಈ ಏಟುಗಳು ಬಾಬಣ್ಣನವು.

ಅಣ್ಣ ಸೀಟಿನ ಮೇಲೆ ಇರಲೇ ಇಲ್ಲ.

ಒಮ್ಮೆ ಜಗ್ಗಿ, ಸಡಿಲಿಸಿ, ಸರಪಳಿಯನ್ನು ಗಿಡ್ಡ ಮಾಡಲು ಕಳಚಿ ಮತ್ತೆ ಹಾಕಿಸಿದ್ದಾರೆ. ಆ ಎರಡನೆಯ ಸಲ ಹಾಕಿದ್ದು ಸಕ್ರಪ್ಪ. ಗಾಡಿ ಮುಂಗಾಲೆತ್ತಿದ್ದನ್ನು ಬಾಬಣ್ಣ ಕುಣಿಯಿಂದ ನೋಡಿದ್ದಾನೆ. ಕೊಡಲಿ ಒಗೆದು ಓಡಿದ್ದಾನೆ. ಸರಪಳಿ ಬಿಡಿಸಲು ಬಲಗೈ ಹಾಕಿದ್ದಾನೆ. ಅಂಗೈಯಲ್ಲಿ ಅದು ಹೇಗೆ ಬಂತೆಂದು ಅವ್ವ ದಿನಾ ಕೇಳುತ್ತಿದ್ದಳಲ್ಲ, ಹೀಗೆ ಬಂತು. ಗಾಡಿ ಅವನ ಮೇಲೇ ಬಿತ್ತು. ಸೀಟಿನಲ್ಲಿದ್ದವರು ಪಕ್ಕಕ್ಕೆ ಹಾರಿ ಉಳಿದರು, ಉಳಿದವರು ಬಾಯಿ ಮುಚ್ಚಿಕೊಂಡರು, ಸತ್ತವನ ಮೇಲೆ ತಪ್ಪು ಹೊರಿಸಿದರು.

ಮೇಲೆ ಬಂದಾಗ ಮಂದಿ ಬುತ್ತಿ ಬಿಚ್ಚಲು ಬೇವಿನ ನೆರಳಿಗೆ ಹೋಗಿದ್ದರು. ರಾಯರು ಒಬ್ಬರೇ ಗಾಡಿಯ ಹತ್ತಿರ ನಿಂತು, ವಾಲಿದ ಬೊಡ್ಡೆಯನ್ನು ನೋಡುತ್ತಿದ್ದರು. ಸಕ್ರಪ್ಪ ಹಿಂದೆಯೇ ಕಾಲೆಳೆದುಕೊಂಡು ಬಂದ.

"ಸೀಟಿನ ಮ್ಯಾಲ ಯಾರಿದ್ರು, ರಾಯರ?"

"ಡ್ರೈವರ್ ಇರ್ತಾನ."

"ಡ್ರೈವರ ಕುಣಿಯಾಗಿದ್ದ. ಅವನ ಕೊಡ್ಲಿ ಏಟು ನೋಡಿ ಬಂದೀನಿ."

ರಾಯರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದರು. ಅಷ್ಟು ಸಾಕಾಯಿತು. ಅಂದಪ್ಪ ಅವರ ಬಲಗೈ ಮಣಿಕಟ್ಟು ಹಿಡಿದು ಜಗ್ಗಿ, ಗಾಡಿಯ ಮೇಲಿನ ಕಿವಿಗೆ ಒತ್ತಿ, ಬಿಡಿ ಸರಪಳಿಯ ತುಂಡನ್ನು ಅದರ ಸುತ್ತ ಸುತ್ತಿದ. ಇಷ್ಟು ದಿನ ಮನಸ್ಸಿನಲ್ಲಿ ಮಾಡಿದ್ದನ್ನೇ ಕೈ ತಾನಾಗಿ ಮಾಡಿತು. ಕೊಡೆ ಕೆಳಗೆ ಬಿತ್ತು.

"ನೀವ ಇದ್ರಿ. ಸ್ವಂತ ಗಾಡಿ, ಒಮ್ಮೆ ಕುಂತು ನೋಡೂ ಹುಕಿ. ನಮ್ಮಣ್ಣ ಸಾಯೂದನ್ನ ನೋಡಿ ಜಿಗದ್ರಿ. ಆಮ್ಯಾಲ ಮಂದಿ ಮುಂದ ದಡ್ಡ ಅಂದ್ರಿ."

"ಕೈ ಬಿಡು."

"ಹೆಸರು ಹೇಳ್ರಿ. ಬಿಡ್ತೀನಿ."

"ಕೇಳಬ್ಯಾಡ," ಅಂದರು ರಾಯರು. ಹೊಲಕ್ಕೆಲ್ಲ ಕೇಳುವ ಅವರ ದನಿ ಎಲ್ಲಿಯೋ ಹೋಗಿತ್ತು. "ನಾ ಅಂತನೇ ತಿಳಕೋ. ಬೇಕಾದ್ರ ಎರಡು ಏಟು ಹೊಡಿ. ಇದನ್ನ ಮಾತ್ರ ಕೇಳಬ್ಯಾಡ."

ಅಂದಪ್ಪ ಸರಪಳಿಯನ್ನು ಇನ್ನೊಂದು ಸುತ್ತು ಬಿಗಿದ. ರಾಯರ ಬೆರಳು ಬಿಳಿಚಿದವು. ಅವರು ಕೂಗಲಿಲ್ಲ. ಕೂಗಿದ್ದರೆ ಮಂದಿ ಓಡಿ ಬರುತ್ತಿದ್ದರು. ಅದು ಅವರಿಗೂ ಗೊತ್ತಿತ್ತು. ಕೂಗಲಿಲ್ಲ ಎಂಬುದೇ ಅಂದಪ್ಪನ ತಲೆಯಲ್ಲಿ ಮುಳ್ಳಾಡಿತು.

"ಸಾಕು ಬಿಡ ತಮ್ಮಾ," ಎಂದ ಸಕ್ರಪ್ಪ ಹಿಂದಿನಿಂದ. "ಸೀಟಿನ್ಯಾಗ ಮಲ್ಲವ್ವ ಇದ್ಲು."

ಬೇವಿನ ನೆರಳಿನಿಂದ ಯಾರೋ ಖಾರ ಕೇಳುವ ದನಿ ಬಂತು.

"ಸುಳ್ಳು," ಅಂದ ಅಂದಪ್ಪ.

ಸಕ್ರಪ್ಪ ತಲೆಯೆತ್ತದೆ ಉಳಿದದ್ದನ್ನು ಹೇಳಿದ. ಬಾಬಣ್ಣ ಮತ್ತು ಮಲ್ಲವ್ವ ಹೊಲದ ಗುಡಿಸಲಲ್ಲೇ ಇರುತ್ತಿದ್ದರಲ್ಲ. ಸಂಜೆ ಹೊತ್ತು ಬಾಬಣ್ಣ ಅವಳನ್ನು ಕೂಡಿಸಿ ಗಾಡಿ ಕಲಿಸುತ್ತಿದ್ದನಂತೆ. ಆ ದಿನ ತಮ್ಮ ಬರಲಿ, ನಾಳೆ ಕಡಿಯೋಣ ಎಂದನಂತೆ ಬಾಬಣ್ಣ. ಇವತ್ತೇ ಆಗಬೇಕೆಂದು ರಾಯರು ಹಟ ಹಿಡಿದರಂತೆ. ರೊಟ್ಟಿ ತಂದಿದ್ದ ಮಲ್ಲವ್ವನನ್ನು ಸೀಟಿಗೆ ಹತ್ತಿಸಿ, ನಾ ಹೂಂ ಅಂದಾಗ ಕಾಲು ಬಿಡು ಎಂದು ಹೇಳಿ ಬಾಬಣ್ಣ ಕುಣಿಗೆ ಇಳಿದನಂತೆ. ಮೊದಲ ಜಗ್ಗು ಸರಿಹೋಯಿತು; ಸಕ್ರಪ್ಪ ಸರಪಳಿ ಮತ್ತೆ ಹಾಕಿದ ಮೇಲೂ ಅವಳು ಹೇಳಿದಂತೆಯೇ ಕಾಲು ಬಿಟ್ಟಳು. ಗಾಡಿ ಎದ್ದಿತು. ಅವಳು ಎಡಕ್ಕೆ ಬಿದ್ದಳು.

ಅಂದಪ್ಪನ ಒಂದು ಕೈ ಜೇಬಿನೊಳಗೆ ಹೋಗಿತ್ತು. ಯಾವಾಗ ಹೋಯಿತೆಂದು ಅವನಿಗೆ ತಿಳಿಯಲಿಲ್ಲ. ಗಾಜಿನ ಚೂರು ಬೆರಳನ್ನು ಕೊಯ್ಯಿತು. ಸುದ್ದಿ ಕೇಳಿ ಒಡೆದುಕೊಂಡ ಬಳೆ ಗುಡಿಸಲಿನಲ್ಲಿ ಬೀಳಬೇಕು, ಬೆಟಗೇರಿಯಲ್ಲಿ ಬೀಳಬೇಕು. ಗಾಡಿಯ ಸ್ಪ್ರಿಂಗಿನೊಳಗೆ ಯಾಕೆ ಬೀಳುತ್ತದೆ?

ರಾಯರು ತಾವೇ ಸರಪಳಿ ಬಿಡಿಸಿಕೊಂಡರು; ತುಂಡು ಅಂದಪ್ಪನ ಇನ್ನೊಂದು ಕೈಯಲ್ಲೇ ಉಳಿಯಿತು.

"ಗಾಡಿ ತೊಳಸಿದ್ದು ನಾನೇ. ಮುಳ್ಳು ಹಾಕಿಸಿದ್ದೂ ನಾನೇ," ಅಂದರು. "ನಾ ದೊಡ್ಡ ಮನುಷ್ಯಾ ಅಂತ ಅಲ್ಲ. ಅವಸರಾ ಮಾಡಿದಾವ ನಾನು, ಹೆಣ್ಣುಮಗಳನ್ನ ಸೀಟಿಗೆ ಹತ್ತಿಸಿದ್ದು ನನ್ನ ಕಣ್ಣ ಮುಂದ. ನಂಗೂ ಹೆದರಿಕಿ ಇತ್ತು. ಆದ್ರ ಒಂದು ತಿಳಕೋ. ದಡ್ಡ ಅಂದ್ರ ಸತ್ತಾವಗ ಏನೂ ಆಗೂದಿಲ್ಲ. ಗಂಡನ್ನ ಕೊಂದಾಕಿ ಅಂದ್ರ ಬದುಕಿದಾಕಿ ಬಾವಿ ನೋಡ್ಕೋತಾಳ. ಅದಕ್ಕ ಮಂದಿ ಮುಂದ ಬೈದೆ. ನಾಳೆನೂ ಬೈತೀನಿ."

"ನಮ್ಮಣ್ಣನ ಹೆಸರು ನಿಮ್ಮ ಮನಿ ಸೊತ್ತೇನ್ರಿ, ತಗದು ಹಂಚಾಕ?"

"ಅಲ್ಲ. ಈಗ ನಿನ್ನ ಕೈಯಾಗ ಅದ. ಇಟ್ಕೋತೀಯೋ, ಹಂಚ್ತೀಯೋ ನೋಡು."

ಅಂದಪ್ಪನಿಗೆ ಆ ಮುಖಕ್ಕೆ ಗುದ್ದಬೇಕೆನಿಸಿತು. ಈ ಮನುಷ್ಯನೇ ಕೊಂದಿದ್ದರೆ ಎಷ್ಟು ಚಲೋ ಇತ್ತು. ಎಷ್ಟು ಸಲೀಸಿತ್ತು. ಅಣ್ಣ ಸತ್ತದ್ದಕ್ಕಿಂತ, ಸಾಯಿಸಿದವರು ಸಿಗದೆ ಹೋದದ್ದೇ ಈ ಗಳಿಗೆಯಲ್ಲಿ ಅವನ ಎದೆಯನ್ನು ಹೆಚ್ಚು ಸುಟ್ಟಿತು. ಸಿಟ್ಟಿಗೆ ಕೂರಲು ಜಾಗವಿರಲಿಲ್ಲ. ಜಾಗವಿಲ್ಲವೆಂದು ಅದು ಇಳಿಯಲೂ ಇಲ್ಲ.

ಮುಂಡರಗಿಯ ಹಾದಿಯಲ್ಲಿ ಸೈಕಲ್ಲಿನ ಗಂಟೆ ಕೇಳಿತು. ಖಾಕಿ ಟೊಪ್ಪಿಗೆಯ ಫೌಜದಾರ ಪುಂಡಲೀಕಪ್ಪನವರು ಮುಂದೆ, ಅವರ ಹಿಂದೆ ಒಂದು ಕಮಾನಿನ ಬಂಡಿ. ಸತ್ತವನ ಹೆಂಡತಿಯ ಹೆಬ್ಬೆಟ್ಟು ಬೇಕೆಂದು ಫೌಜದಾರರು ಹೇಳಿ ಕಳಿಸಿದ್ದರಂತೆ. ಬೆಟಗೇರಿಯಿಂದ ಅತ್ತೆ ಸೊಸೆ ಇಬ್ಬರೂ ಬಂದಿದ್ದರು. ಅಂದಪ್ಪನಿಗೆ ಇದು ಗೊತ್ತಿರಲಿಲ್ಲ.

ಬುತ್ತಿ ಬಿಟ್ಟು ಮಂದಿ ಎದ್ದು ಬಂದರು. ಬೆಳಿಗ್ಗೆ ನಕ್ಕವನೂ ಬಂದ. ಫೌಜದಾರರು ಸೈಕಲ್ಲನ್ನು ಬದುವಿಗೆ ಒರಗಿಸಿ, ವಾಲಿದ ಬೊಡ್ಡೆಯನ್ನೂ ಬಿಗಿದ ಸರಪಳಿಯನ್ನೂ ಕೆಂಪಾದ ರಾಯರ ಮಣಿಕಟ್ಟನ್ನೂ ನೋಡಿದರು. ಪೊಲೀಸರ ಕಣ್ಣು, ಏನೋ ನಡೆದಿದೆ ಎಂದು ತಿಳಿಯಿತು.

"ಹೂಂ, ಅಂದಪ್ಪ," ಎಂದರು. "ನಾ ಬಂದೀನಿ. ಹೆಸರು ಹೇಳು."

ಬನಶಂಕರೆವ್ವ ಬಂಡಿಯಿಂದ ಇಳಿದಿದ್ದಳು. ಮಲ್ಲವ್ವನಿಗೆ ನಿಲ್ಲಲಾಗುತ್ತಿರಲಿಲ್ಲ. ಆ ಬೊಡ್ಡೆ, ಆ ಗಾಡಿ ಕಣ್ಣಿಗೆ ಬಿದ್ದದ್ದೇ ಅವಳು ಗಾಲಿ ಹಿಡಿದು ಕುಸಿದಳು. ಅತ್ತೆ ಅವಳನ್ನು ಎತ್ತಿ ತನ್ನ ಹೆಗಲಿಗೆ ಒರಗಿಸಿಕೊಂಡು, ಜಾರಿದ ಸೆರಗನ್ನು ತಲೆಯ ಮೇಲೆ ಎಳೆದು, ಬೆನ್ನು ಸವರಿದಳು. ಸವರುತ್ತಲೇ ಮಗನತ್ತ ನೋಡಿದಳು. ಆ ಕಣ್ಣಲ್ಲಿ ತಿಂಗಳಿನಿಂದ ನಿದ್ದೆ ಇರಲಿಲ್ಲ.

"ಹೇಳಪ್ಪ," ಅಂದಳು. "ನನ್ನ ಮಗನ್ನ ತಿಂದವ್ರು ಯಾರು, ಮಂದಿ ಮುಂದ ಹೇಳು. ಅವರ ಕೈ ಹುಳಾ ಬಿದ್ದು ಸಾಯೂದನ್ನ ನಾ ನೋಡ್ಬೇಕು. ಈ ಹುಡುಗಿನೂ ನೋಡ್ಲಿ."

ಅವಳ ಕೈ ಮಲ್ಲವ್ವನ ಬೆನ್ನ ಮೇಲೆ ಮೇಲಿಂದ ಕೆಳಗೆ ಆಡುತ್ತಲೇ ಇತ್ತು.

ಮಲ್ಲವ್ವ ಸೆರಗಿನೊಳಗಿಂದ ಮುಖವೆತ್ತಿ ಅಂದಪ್ಪನನ್ನು ನೋಡಿದಳು. ಅವನಿಗೆ ಗೊತ್ತಾಗಿದೆಯೆಂದು ಅವಳಿಗೆ ಗೊತ್ತಾಯಿತು. ಅವಳು ಕಣ್ಣು ತಪ್ಪಿಸಲಿಲ್ಲ.

ರಾಯರು ಕೊಡೆ ಎತ್ತಿಕೊಂಡರು. ಸಕ್ರಪ್ಪ ನೆಲ ನೋಡಿದ. ಫೌಜದಾರರು ಕಾದರು.

ಅಂದಪ್ಪ ಕೈಯಲ್ಲಿದ್ದ ಸರಪಳಿಯ ತುಂಡನ್ನು ನೆಲಕ್ಕೆ ಬಿಟ್ಟ. ನಡುವೆ ನಿಂತ ಮಂದಿಯನ್ನು ಭುಜದಿಂದ ಸರಿಸಿಕೊಂಡು, ತಾಯಿಯ ಪಕ್ಕದಿಂದಲೇ ಹಾದು, ಬದು ಇಳಿದು, ಕಪ್ಪತಗುಡ್ಡದ ಕಡೆಗಿನ ಕಾಲುದಾರಿ ಹಿಡಿದ.

ಫೌಜದಾರರು ಹಿಂದಿನಿಂದ ಹೆಸರು ಹಿಡಿದು ಕೂಗಿದರು. ಹೇಳದೆ ಹೋದರೆ ಇದು ಇಲ್ಲಿಗೇ ಮುಗಿಯಿತು ಎಂದು ಕೂಗಿದರು. ತಾಯಿ ಕೂಗಿದಳು, ಕೂಗು ಶಾಪವಾಯಿತು, ನೀನೂ ಅವರ ಕಡೆಯಾದೆಯಾ ಎಂದು ಎದೆ ಬಡಿದುಕೊಂಡಳು.

ಆ ಕೂಗಾಟದ ನಡುವೆ, ಸೆರಗಿನೊಳಗಿಂದ, ತಿಂಗಳ ಕಾಲ ಮಾತಿಲ್ಲದೆ ತುಕ್ಕು ಹಿಡಿದ ದನಿಯೊಂದು ಬಂತು.

"ಸಾಹೇಬ್ರ, ಅವಗ ಕೇಳಬ್ಯಾಡ್ರಿ. ನನಗ ಕೇಳ್ರಿ. ಅಂದಪ್ಪಾ, ನೀ ನಿಂದ್ರು."

ಅಂದಪ್ಪ ನಿಲ್ಲಲಿಲ್ಲ.